ಶಾಲೆ ಮೊಬೈಲಿಗೆ ಬಂದ ದಿನಗಳು: ಹದಿಹರೆಯದ ಮಕ್ಕಳ ಆಟ ಮತ್ತು ಊಟ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಿಂದ ಶ್ರೀಮಠಕ್ಕೆ ಬರುವ ತಂದೆತಾಯಂದಿರು ಮಕ್ಕಳ ಬಗ್ಗೆ ಹೇಳಿಕೊಳ್ಳುವ ಮಾತುಗಳಲ್ಲಿ ಎರಡು ಮತ್ತೆ ಮತ್ತೆ ಕೇಳಿಬರುತ್ತವೆ. ಮಗ ಮೊಬೈಲ್ ಬಿಟ್ಟು ಏಳುವುದಿಲ್ಲ ಎಂಬುದು ಒಂದು. ಮಗಳು ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ ಎಂಬುದು ಇನ್ನೊಂದು. ಇದು ಮಕ್ಕಳ ಹಠ ಅಥವಾ ಕಾಲದ ದೋಷ ಎಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಈ ಅಭ್ಯಾಸಗಳು ಗಟ್ಟಿಯಾದ ಒಂದು ಅವಧಿ ನಮ್ಮೆಲ್ಲರ ಕಣ್ಣೆದುರಿಗೇ ಕಳೆದುಹೋಗಿದೆ. ಕೊರೊನಾ ಕಾಲದಲ್ಲಿ ಶಾಲೆಯ ಬಾಗಿಲು ಮುಚ್ಚಿ ಪಾಠವು ಮೊಬೈಲಿನೊಳಗೆ ಬಂದಿತು. ಆಗ ಹನ್ನೆರಡು ಹದಿಮೂರು ವಯಸ್ಸಿನವರಾಗಿದ್ದ ಮಕ್ಕಳು ಇಂದು ಕಾಲೇಜು ಮೆಟ್ಟಿಲು ಹತ್ತಿದ್ದಾರೆ. ಅವರು ಕಳೆದುಕೊಂಡ ಪಾಠದ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಅವರ ದೇಹವು ಕಳೆದುಕೊಂಡದ್ದರ ಬಗ್ಗೆ ನಡೆದದ್ದು ಕಡಿಮೆ. ಆ ವಿಷಯವನ್ನು ಸದ್ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ಬಾಗಿಲು ಮುಚ್ಚಿದ್ದ ಕಾಲ

2020ರ ಮಾರ್ಚ್ ತಿಂಗಳಲ್ಲಿ ರಾಜ್ಯದ ಶಾಲೆಗಳು ಮುಚ್ಚಿದವು. ಆಗ ಈ ಐದೂ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ವಿಜಯನಗರ ಜಿಲ್ಲೆ ರೂಪುಗೊಂಡದ್ದು 2021ರಲ್ಲಿ. ಮುಂದೂಡಲ್ಪಟ್ಟಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ 2020ರ ಜೂನ್ 25ರಂದು ಆರಂಭವಾಯಿತು. ಜುಲೈ ತಿಂಗಳಿನಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಪಾಠಗಳು ಪ್ರಸಾರವಾದವು. ಖಾಸಗಿ ಶಾಲೆಗಳು ಆನ್‌ಲೈನ್ ತರಗತಿ ನಡೆಸಿದವು; ಸರ್ಕಾರಿ ಶಾಲೆಯ ಶಿಕ್ಷಕರು ವಾಟ್ಸಾಪಿನಲ್ಲಿ ಅಭ್ಯಾಸದ ಹಾಳೆ ಕಳುಹಿಸಿದರು. ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಕಾರ್ಯಕ್ರಮದಲ್ಲಿ ಶಿಕ್ಷಕರೇ ಊರೂರಿಗೆ ಹೋಗಿ ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ಕೆಲಕಾಲ ನಿಂತಿತು. 2021ರ ಜನವರಿ 1ರಂದು ಹತ್ತನೆಯ ತರಗತಿ ಮತ್ತು ದ್ವಿತೀಯ ಪಿಯುಸಿಯ ಮಕ್ಕಳಿಗೆ ಬಾಗಿಲು ತೆರೆಯಿತಾದರೂ ಎರಡನೆಯ ಅಲೆಯ ವೇಳೆಗೆ ಮತ್ತೆ ಮುಚ್ಚಿತು. ಒಂಬತ್ತನೆಯ ತರಗತಿಯಿಂದ ಮೇಲಿನವರಿಗೆ 2021ರ ಆಗಸ್ಟ್ 23ರಿಂದ, ಆರರಿಂದ ಎಂಟರವರೆಗಿನವರಿಗೆ ಸೆಪ್ಟೆಂಬರ್ 6ರಿಂದ ತರಗತಿಗಳು ಪುನಃ ಆರಂಭವಾದವು.

ಹೀಗೆ ಹದಿಹರೆಯದ ಹೊಸ್ತಿಲಲ್ಲಿದ್ದ ಮಕ್ಕಳು ಸುಮಾರು ಒಂದೂವರೆ ವರ್ಷವನ್ನು ಬಹುಪಾಲು ಮನೆಯಲ್ಲಿಯೇ ಕಳೆದರು. ಮನುಷ್ಯನ ಎತ್ತರ, ತೂಕ, ಎಲುಬಿನ ಗಟ್ಟಿತನ ಮತ್ತು ಮಾಂಸಖಂಡಗಳು ಅತಿ ವೇಗವಾಗಿ ಬೆಳೆಯುವ ವಯಸ್ಸು ಇದೇ. ಜೀವಮಾನಕ್ಕೆ ಬೇಕಾದ ಎಲುಬಿನ ಗಟ್ಟಿತನದ ಬಹುಭಾಗ ಇಪ್ಪತ್ತರ ಆಸುಪಾಸಿನೊಳಗೆ ಸಂಗ್ರಹವಾಗಿಬಿಡುತ್ತದೆ. ಬಿತ್ತನೆಯ ಹದ ತಪ್ಪಿದರೆ ಆ ವರ್ಷದ ಬೆಳೆಗೆ ಏನಾಗುತ್ತದೆಂಬುದು ನಮ್ಮ ಭಾಗದ ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಶಾಲೆ ದೇಹಕ್ಕೆ ಕೊಡುತ್ತಿದ್ದುದು

ಶಾಲೆಯನ್ನು ನಾವು ಅಕ್ಷರ ಕಲಿಸುವ ಸ್ಥಳವೆಂದು ಮಾತ್ರ ಎಣಿಸುತ್ತೇವೆ. ಅದು ಮಗುವಿನ ದೇಹಕ್ಕೂ ಒಂದು ದಿನಚರಿಯನ್ನು ಕಟ್ಟಿಕೊಡುತ್ತಿತ್ತು.

ಮೊದಲನೆಯದು ನಡಿಗೆ. ನಮ್ಮ ಅನೇಕ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆ ಇದ್ದರೂ ಪ್ರೌಢಶಾಲೆಗೆ ಪಕ್ಕದ ದೊಡ್ಡ ಊರಿಗೇ ಹೋಗಬೇಕು. ಎರಡು ಕಿಲೋಮೀಟರ್ ದೂರದ ಶಾಲೆಗೆ ನಡೆದು ಹೋಗಿಬರುವ ಮಗು ದಿನಕ್ಕೆ ನಾಲ್ಕು ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ತಾಸು ನಡೆಯುತ್ತದೆ. ಸರ್ಕಾರವು 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಕೊಡತೊಡಗಿದ ಸೈಕಲ್ಲೂ ಕಾಲಿಗೆ ಕೆಲಸ ಕೊಡುವಂಥದ್ದೇ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಬೇಕು; ವಾರದಲ್ಲಿ ಮೂರು ದಿನವಾದರೂ ಎಲುಬು ಮತ್ತು ಮಾಂಸಖಂಡಗಳನ್ನು ಗಟ್ಟಿಗೊಳಿಸುವ ಆಟ ಅಥವಾ ವ್ಯಾಯಾಮವಿರಬೇಕು. ಯಾರೂ ಲೆಕ್ಕವಿಡದಿದ್ದರೂ ಶಾಲೆಯ ದಾರಿ ಈ ಅಗತ್ಯದ ದೊಡ್ಡ ಪಾಲನ್ನು ಪೂರೈಸುತ್ತಿತ್ತು.

ಎರಡನೆಯದು ಮೈದಾನ. ಬೆಳಗಿನ ಪ್ರಾರ್ಥನೆಯಲ್ಲಿ ನಿಲ್ಲುವುದು, ದೈಹಿಕ ಶಿಕ್ಷಣದ ಅವಧಿ, ಬಿಡುವಿನಲ್ಲಿ ಓಟ, ಸಂಜೆಯ ಕಬಡ್ಡಿ, ಖೋಖೋ, ವಾಲಿಬಾಲ್ ಎಲ್ಲವೂ ದಿನದಲ್ಲಿ ಹಂಚಿಹೋಗಿದ್ದವು. ಜೊತೆಗಾರರಿದ್ದರೆ ಆಡಬೇಕೆಂಬ ಮನಸ್ಸು ತಾನೇ ಹುಟ್ಟುತ್ತದೆ. ಒಬ್ಬನೇ ಅಂಗಳದಲ್ಲಿ ನಿಂತ ಹುಡುಗನಿಗೆ ಅದು ಹುಟ್ಟುವುದು ಕಷ್ಟ.

ಮೂರನೆಯದು ಮಧ್ಯಾಹ್ನದ ಬಿಸಿಯೂಟ. ಶರಣರ ದಾಸೋಹ ಎಂಬ ಶಬ್ದವನ್ನೇ ಹೊತ್ತ ಅಕ್ಷರ ದಾಸೋಹ ಯೋಜನೆ 2002ರಲ್ಲಿ ರಾಜ್ಯದಲ್ಲಿ ಮೊದಲು ಆರಂಭವಾದದ್ದು ಬಳ್ಳಾರಿಯೂ ಸೇರಿದ ಏಳು ಜಿಲ್ಲೆಗಳಲ್ಲಿ. ಮುಂದೆ ಅದು ಹತ್ತನೆಯ ತರಗತಿಯವರೆಗೂ ವಿಸ್ತರಿಸಿತು. ಆರರಿಂದ ಎಂಟನೆಯ ತರಗತಿಯ ಮಗುವಿಗೆ ಈ ಊಟದಿಂದ 700 ಕ್ಯಾಲೊರಿ ಶಕ್ತಿ ಮತ್ತು 20 ಗ್ರಾಂ ಪ್ರೋಟೀನ್ ದೊರೆಯಬೇಕೆಂಬುದು ನಿಯಮ. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲೂ ಅದಕ್ಕೆ ಸೇರಿತು. ರಕ್ತಹೀನತೆಯನ್ನು ತಡೆಯಲು ಹದಿಹರೆಯದವರಿಗೆ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯೂ, ಜಂತುಹುಳುವಿನ ಮಾತ್ರೆಯೂ ಶಾಲೆಯ ಮೂಲಕವೇ ಮಕ್ಕಳ ಕೈಸೇರುತ್ತಿದ್ದವು.

ಬಾಗಿಲು ಮುಚ್ಚಿದಾಗ ಪಾಠಕ್ಕೆ ಬದಲಿ ದಾರಿಯನ್ನು ಎಲ್ಲರೂ ಹುಡುಕಿದರು. ನಡಿಗೆಗೂ ಮೈದಾನಕ್ಕೂ ಬದಲಿ ವ್ಯವಸ್ಥೆ ಬಂದಂತೆ ಕಾಣಲಿಲ್ಲ. ಬಿಸಿಯೂಟದ ಬದಲು ಅಕ್ಕಿ, ಗೋಧಿ, ಬೇಳೆಯನ್ನು ಮನೆಗೆ ಕೊಡಲಾಯಿತು. ಅದು ಅನೇಕ ಕುಟುಂಬಗಳಿಗೆ ಆಸರೆಯಾದದ್ದು ನಿಜ. ಆದರೆ ಮನೆಗೆ ಬಂದ ಧಾನ್ಯ ಮನೆಮಂದಿಯ ಒಟ್ಟು ಧಾನ್ಯವಾಗುತ್ತದೆ. ಮಧ್ಯಾಹ್ನ ನಿಗದಿತ ಹೊತ್ತಿಗೆ ಮಗುವಿನ ತಟ್ಟೆಗೆ ಬೀಳುತ್ತಿದ್ದ ಬಿಸಿ ಅನ್ನ ಸಾಂಬಾರಿಗೆ ಅದು ಸಮನಾಗಲಾರದು.

ಕುಳಿತಲ್ಲೇ ಕುಳಿತಾಗ ಆಗುವುದೇನು?

ಮಗು ನಡೆಯುವಾಗ, ಓಡುವಾಗ ಮಾಂಸಖಂಡಗಳು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಂಡು ಬಳಸುತ್ತವೆ. ಎಲುಬಿನ ಮೇಲೆ ಬೀಳುವ ಭಾರವೇ ಎಲುಬನ್ನು ಗಟ್ಟಿಗೊಳಿಸುತ್ತದೆ. ಹೊರಗಿನ ಬೆಳಕಿನಲ್ಲಿ ಆಡುವುದರಿಂದ ಕಣ್ಣಿಗೆ ದೂರದ ದೃಷ್ಟಿಯ ಅಭ್ಯಾಸವಾಗುತ್ತದೆ, ಬಿಸಿಲಿನಿಂದ ಚರ್ಮದಲ್ಲಿ ಡಿ ಜೀವಸತ್ವ ತಯಾರಾಗುತ್ತದೆ. ಸಂಜೆ ದಣಿದ ದೇಹಕ್ಕೆ ರಾತ್ರಿ ಬೇಗ ನಿದ್ರೆ ಬರುತ್ತದೆ. ದಿನವಿಡೀ ಕುಳಿತರೆ ಇವೆಲ್ಲವೂ ಒಟ್ಟಿಗೆ ಕುಂಠಿತವಾಗುತ್ತವೆ.

ಊಟದ ಬದಲಾವಣೆ ಇದರ ಬೆನ್ನಿಗೇ ಬರುತ್ತದೆ. ರಾತ್ರಿ ತಡವಾಗಿ ಮಲಗಿದ ಮಗು ಬೆಳಿಗ್ಗೆ ತಡವಾಗಿ ಏಳುತ್ತದೆ. ಮುಖ ತೊಳೆದ ಕೂಡಲೇ ತರಗತಿ ಆರಂಭವಾಗಿರುತ್ತದೆ. ಬೆಳಗಿನ ತಿಂಡಿ ತಪ್ಪುತ್ತದೆ. ಹತ್ತು ಹನ್ನೊಂದು ಗಂಟೆಗೆ ಹಸಿವಾದಾಗ ಕೈಗೆ ಸಿಗುವುದು ಬಿಸ್ಕತ್ತು, ಪೊಟ್ಟಣದ ಚಿಪ್ಸು, ಚಹಾ. ಮಧ್ಯಾಹ್ನ ಹಸಿವು ಮಂದವಾಗಿರುತ್ತದೆ, ಆದ್ದರಿಂದ ರೊಟ್ಟಿ ಪಲ್ಯ ಬೇಡವಾಗುತ್ತದೆ. ಸಂಜೆ ಮತ್ತೆ ಮಂಡಕ್ಕಿ ಮಿರ್ಚಿ. ಮೊಬೈಲ್ ನೋಡುತ್ತ ತಿನ್ನುವವರಿಗೆ ಎಷ್ಟು ತಿಂದೆವೆಂಬ ಅರಿವೂ ಇರುವುದಿಲ್ಲ. ಹೊಟ್ಟೆ ತುಂಬಿತೆಂಬ ಸೂಚನೆ ತಡವಾಗಿ ಗಮನಕ್ಕೆ ಬರುತ್ತದೆ. ಹೀಗೆ ಮೂರು ಹೊತ್ತಿನ ಊಟ ಒಡೆದು ಏಳೆಂಟು ಬಾರಿಯ ತಿನಿಸಾಗುತ್ತದೆ.

ಇದು ನಮ್ಮ ಸೀಮೆಯ ಅನುಭವವಷ್ಟೇ ಅಲ್ಲ. ಇಟಲಿಯ ವೆರೋನಾ ನಗರದಲ್ಲಿ ಬೊಜ್ಜಿನ ಸಮಸ್ಯೆಯಿದ್ದ 41 ಮಕ್ಕಳನ್ನು 2020ರ ಲಾಕ್‌ಡೌನ್ ಸಮಯದಲ್ಲಿ ಗಮನಿಸಿದ ವೈದ್ಯರು, ಮಕ್ಕಳು ಪರದೆಯ ಮುಂದೆ ಕಳೆಯುವ ಸಮಯ ದಿನಕ್ಕೆ ಸುಮಾರು ಐದು ತಾಸು ಹೆಚ್ಚಿದ್ದನ್ನೂ, ಕ್ರೀಡೆಯ ಸಮಯ ವಾರಕ್ಕೆ ಎರಡು ತಾಸಿಗಿಂತ ಹೆಚ್ಚು ಕುಗ್ಗಿದ್ದನ್ನೂ, ದಿನಕ್ಕೆ ಒಂದು ಊಟ ಹೆಚ್ಚಾದುದನ್ನೂ ದಾಖಲಿಸಿದರು. ಅಮೆರಿಕದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದಾಗ, ಎತ್ತರಕ್ಕೆ ಹೋಲಿಸಿದ ತೂಕ ಏರುವ ವೇಗ ಹಿಂದಿನದಕ್ಕಿಂತ ಸುಮಾರು ಎರಡು ಪಟ್ಟಾಗಿದ್ದುದು ಕಂಡುಬಂದಿತು. ಶಾಲೆ ಮುಚ್ಚುವ ಮೊದಲೂ ಪರಿಸ್ಥಿತಿ ಚೆನ್ನಾಗಿರಲಿಲ್ಲವೆಂಬುದನ್ನು ಮರೆಯಬಾರದು: 2016ರ ಅಂಕಿಅಂಶಗಳ ಪ್ರಕಾರ ಜಗತ್ತಿನ 11ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡಾ 81ರಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ.

ಒಂದೇ ಊರಿನ ಎರಡು ಬಗೆಯ ಮಕ್ಕಳು

ಹೊರದೇಶದ ಅಧ್ಯಯನಗಳನ್ನು ಓದಿ, ನಮ್ಮ ಮಕ್ಕಳೆಲ್ಲರೂ ದಪ್ಪವಾದರು ಎಂದು ತಿಳಿಯುವುದು ತಪ್ಪಾಗುತ್ತದೆ. ಭಾರತದಲ್ಲಿ 2016ರಿಂದ 2018ರವರೆಗೆ ನಡೆದ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರ ಪೈಕಿ ಶೇಕಡಾ 24ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ತೂಕವಿಲ್ಲದೆ ತೆಳ್ಳಗಿದ್ದರು; ತೂಕ ಮೀರಿದವರು ಶೇಕಡಾ 5 ಮಾತ್ರ. ಹಾಗಾಗಿ ಶಾಲೆ ಮುಚ್ಚಿದಾಗ ನಮ್ಮ ಭಾಗದಲ್ಲಿ ಎರಡು ಬೇರೆ ಬೇರೆ ಕಷ್ಟಗಳು ಅಕ್ಕಪಕ್ಕದ ಮನೆಗಳಲ್ಲಿಯೇ ಉಂಟಾದವು.

ಪಟ್ಟಣದ ನೌಕರರ, ವ್ಯಾಪಾರಸ್ಥರ ಮನೆಗಳಲ್ಲಿ ಮಗುವಿಗೆ ಪ್ರತ್ಯೇಕ ಮೊಬೈಲ್ ದೊರೆಯಿತು, ಕೋಣೆ ದೊರೆಯಿತು, ತಿನಿಸೂ ದೊರೆಯಿತು. ಅಲ್ಲಿ ಕುಳಿತುಕೊಳ್ಳುವುದು ಹೆಚ್ಚಿತು, ತಿನ್ನುವುದು ಹೆಚ್ಚಿತು. ಹೊಲದ ಕೂಲಿಯನ್ನು ನಂಬಿದ ಮನೆಗಳಲ್ಲಿ ಇಡೀ ಕುಟುಂಬಕ್ಕೆ ಒಂದು ಮೊಬೈಲ್ ಇದ್ದರೆ ಹೆಚ್ಚು. ಅದೂ ತಂದೆಯ ಜೇಬಿನಲ್ಲಿ ಹೊಲಕ್ಕೆ ಹೋಗುತ್ತಿತ್ತು. ಹರಪನಹಳ್ಳಿ, ಕೂಡ್ಲಿಗಿ ಕಡೆಯ ಹಳ್ಳಿ ಮತ್ತು ತಾಂಡಾಗಳಿಂದ ಕಾಫಿ ತೋಟಕ್ಕೋ ಕಬ್ಬಿನ ಕಟಾವಿಗೋ ಗುಳೆ ಹೋಗುವ ಕುಟುಂಬಗಳಿಗೆ ಊರಿನ ಶಾಲೆಯೇ ಮಕ್ಕಳನ್ನು ಹಿಡಿದಿಟ್ಟುಕೊಳ್ಳುವ ಸ್ಥಳವಾಗಿತ್ತು. ಅದು ಮುಚ್ಚಿದ ಮೇಲೆ ಮಕ್ಕಳೂ ಶೇಂಗಾ ಬಿಡಿಸಲು, ಮೆಕ್ಕೆಜೋಳದಲ್ಲಿ ಕಳೆ ತೆಗೆಯಲು ಹೋದರು.

ಹೊಲದ ಕೆಲಸವೂ ವ್ಯಾಯಾಮವಲ್ಲವೇ ಎಂದು ಕೆಲವರು ಕೇಳುತ್ತಾರೆ. ಕಾಯಕವನ್ನು ಪೂಜ್ಯವೆಂದು ನಂಬಿದ ಸಮುದಾಯ ನಮ್ಮದು. ಮಕ್ಕಳು ಬಿಡುವಿನಲ್ಲಿ ತಂದೆತಾಯಿಗೆ ನೆರವಾಗುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಬೆಳೆಯುವ ಮಗು ಬಿಸಿಲಿನಲ್ಲಿ ಒಂದೇ ಭಂಗಿಯಲ್ಲಿ ಬಗ್ಗಿ ದಿನವಿಡೀ ದುಡಿದು, ಬೇಳೆಕಾಳು ಹಾಲಿಲ್ಲದ ಊಟ ಮಾಡಿ ಮಲಗಿದರೆ ಆ ದುಡಿಮೆ ಅದರ ಬೆಳವಣಿಗೆಯಿಂದಲೇ ಕಳೆಯುತ್ತದೆ. ವ್ಯಾಯಾಮ ದೇಹವನ್ನು ಬೆಳೆಸಬೇಕಾದರೆ ಅದಕ್ಕೆ ತಕ್ಕ ಆಹಾರವೂ ವಿಶ್ರಾಂತಿಯೂ ಬೇಕು.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಗಂಡುಮಕ್ಕಳಿಗೆ ಊರ ಬಯಲು, ಕೆರೆಯ ಅಂಗಳ, ಗೆಳೆಯರ ಗುಂಪು ಹೇಗೋ ಉಳಿದವು. ಪ್ರಾಯಕ್ಕೆ ಬಂದ ಹೆಣ್ಣುಮಗಳಿಗೆ ನಮ್ಮ ಹೆಚ್ಚಿನ ಊರುಗಳಲ್ಲಿ ಓಡಲು, ಆಡಲು ಇದ್ದ ಒಂದೇ ಜಾಗ ಶಾಲೆಯ ಮೈದಾನ. ಅದು ಹೋದಾಗ ನೀರು, ಕಸ, ಅಡುಗೆ, ತಮ್ಮಂದಿರ ಆರೈಕೆ ಅವಳ ಪಾಲಿಗೆ ಬಂದವು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ರೂಢಿ ಇನ್ನೂ ಅನೇಕ ಮನೆಗಳಲ್ಲಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಅದೇ ವಯಸ್ಸಿನ ಹುಡುಗರಲ್ಲಿ ಅದು ಶೇಕಡಾ 31. ಸದಾ ದಣಿವು, ತಲೆಸುತ್ತು, ಓದಿನಲ್ಲಿ ಗಮನ ನಿಲ್ಲದಿರುವುದು ಇದರ ಲಕ್ಷಣಗಳು. ಇವುಗಳನ್ನು ಸೋಮಾರಿತನವೆಂದು ಗದರುವ ಮೊದಲು ರಕ್ತಪರೀಕ್ಷೆ ಮಾಡಿಸುವುದು ತಂದೆತಾಯಿಯ ಕರ್ತವ್ಯ.

ಬಾಗಿಲು ತೆರೆದ ಮೇಲೂ ಉಳಿದದ್ದು

ಶಾಲೆಗಳು ಆರಂಭವಾಗಿ ವರ್ಷಗಳೇ ಕಳೆದವು. 2021ರ ಅಕ್ಟೋಬರ್‌ನಲ್ಲಿ ಬಿಸಿಯೂಟವೂ ಮರಳಿತು. ಆದರೆ ಮೊಬೈಲಿನ ಪಾಠ ಪೂರ್ತಿಯಾಗಿ ಹಿಂದಿರುಗಲಿಲ್ಲ. ಮನೆಗೆಲಸದ ಸೂಚನೆ ವಾಟ್ಸಾಪಿನಲ್ಲಿ ಬರುತ್ತದೆ, ಟ್ಯೂಷನ್ ವಿಡಿಯೊದಲ್ಲಿ ನಡೆಯುತ್ತದೆ, ನೀಟ್ ಮತ್ತು ಸಿಇಟಿಗೆ ಸಿದ್ಧರಾಗುವ ಪಿಯುಸಿ ಮಕ್ಕಳು ಕಾಲೇಜಿನಿಂದ ಬಂದ ಮೇಲೂ ಪರದೆಯ ಮುಂದೆ ಕೂರುತ್ತಾರೆ. ಪರೀಕ್ಷೆಯ ವರ್ಷವೆಂದು ಆಟವನ್ನು ನಾವೇ ನಿಲ್ಲಿಸುತ್ತೇವೆ. ಪಾಠ ಯಾವುದು, ಪಾಠದ ಹೆಸರಿನ ರೀಲ್ಸ್ ಯಾವುದು ಎಂಬುದು ಹೊರಗಿನಿಂದ ನೋಡುವ ಹಿರಿಯರಿಗೆ ತಿಳಿಯುವುದೂ ಇಲ್ಲ.

ಆದುದರಿಂದ ಈ ಪ್ರಶ್ನೆ ಮುಗಿದ ಕಥೆಯಲ್ಲ. ಮೊಬೈಲನ್ನು ಬೈದು ಫಲವಿಲ್ಲ. ಅದರಿಂದ ಕಲಿತು ಮೇಲೆ ಬಂದ ಬಡ ಮಕ್ಕಳೂ ಇದ್ದಾರೆ. ಶಾಲೆಯ ಗಂಟೆ ಕೊಡುತ್ತಿದ್ದ ಹೊತ್ತಿನ ಕಟ್ಟನ್ನು ಮನೆಯಲ್ಲಿ ಹೇಗೆ ಕಟ್ಟುವುದು ಎಂಬುದನ್ನು ಯೋಚಿಸಬೇಕು.

ಮನೆಯಲ್ಲಿ ಮಾಡಬಹುದಾದುದು

ಮೊದಲು ಹೊತ್ತನ್ನು ನಿಲ್ಲಿಸಬೇಕು. ನಿತ್ಯವೂ ಬೆಳಿಗ್ಗೆ ಸ್ನಾನ ಮಾಡಿ ಇಷ್ಟಲಿಂಗ ಪೂಜೆ ಮಾಡುವ ಮನೆಗಳಲ್ಲಿ ಈ ಕೆಲಸ ಅರ್ಧ ಆಗಿರುತ್ತದೆ. ಏಳುವ ಹೊತ್ತು ನಿಂತರೆ ತಿಂಡಿಯ ಹೊತ್ತು ನಿಲ್ಲುತ್ತದೆ. ತಿಂಡಿಯ ಹೊತ್ತು ನಿಂತರೆ ನಡುವಿನ ತಿನಿಸು ತಾನಾಗಿ ಕಡಿಮೆಯಾಗುತ್ತದೆ. ಮಲಗುವ ಒಂದು ತಾಸು ಮೊದಲು ಮೊಬೈಲನ್ನು ಹಿರಿಯರ ಬಳಿ ಇಡುವ ನಿಯಮವಿರಲಿ. ಈ ನಿಯಮ ಹಿರಿಯರಿಗೂ ಅನ್ವಯಿಸಿದರೆ ಮಾತ್ರ ಮಕ್ಕಳು ಪಾಲಿಸುತ್ತಾರೆ.

ಎರಡನೆಯದಾಗಿ, ದಿನದ 60 ನಿಮಿಷಗಳನ್ನು ಒಂದೇ ಬಾರಿ ಪೂರೈಸಬೇಕೆಂದಿಲ್ಲ. ಬೆಳಿಗ್ಗೆ ಇಪ್ಪತ್ತು ನಿಮಿಷ ಚುರುಕಾದ ನಡಿಗೆ ಅಥವಾ ಹಗ್ಗದಾಟ, ಸಂಜೆ ನಲವತ್ತು ನಿಮಿಷ ಆಟವಾದರೆ ಸಾಕು. ನಮ್ಮ ಬೇಸಿಗೆಯ ಬಿಸಿಲಿಗೆ ಹೊತ್ತೇರುವ ಮೊದಲು ಮತ್ತು ಹೊತ್ತಿಳಿದ ಮೇಲೆ ಆಡುವುದೇ ಸರಿ. ವಿಡಿಯೊ ಪಾಠ ಕೇಳುವವರು ಅರ್ಧ ತಾಸಿಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ, ದೂರದ ಮರವನ್ನೋ ಗುಡ್ಡವನ್ನೋ ನೋಡಿ ಮತ್ತೆ ಕೂರಲಿ. ಹತ್ತಿರದ ಅಂಗಡಿಗೆ, ಹೊಲಕ್ಕೆ ಬೈಕು ಹತ್ತಿಸದೆ ನಡೆಸಿರಿ. ಕೊಟ್ಟೂರಿನ ರಥೋತ್ಸವಕ್ಕೆ ದೂರದೂರುಗಳಿಂದ ಪಾದಯಾತ್ರೆಯಲ್ಲಿ ಬರುವ ಭಕ್ತರನ್ನು ನೋಡುತ್ತ ಬೆಳೆದ ಮಕ್ಕಳು ಇವರು. ನಡಿಗೆ ಈ ನೆಲಕ್ಕೆ ಹೊಸದಲ್ಲ.

ಮೂರನೆಯದಾಗಿ, ತಟ್ಟೆಗೆ ಬೇಕಾದದ್ದು ನಮ್ಮ ಹೊಲದಲ್ಲಿಯೇ ಇದೆ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ರಾಗಿ ಮುದ್ದೆ, ನವಣೆ ಅನ್ನ. ಜೊತೆಗೆ ಹೆಸರುಕಾಳು, ಮಡಿಕೆಕಾಳು, ತೊಗರಿಬೇಳೆ. ಪುಂಡಿಪಲ್ಯ, ನುಗ್ಗೆಸೊಪ್ಪು, ಮೆಂತ್ಯ. ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮೊಸರು. ಇದಕ್ಕಿಂತ ಉತ್ತಮವಾದ ಹದಿಹರೆಯದ ಆಹಾರವನ್ನು ಪೇಟೆಯಿಂದ ತರಬೇಕಾಗಿಲ್ಲ. ಸೊಪ್ಪು ಕಾಳುಗಳ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಅದರಲ್ಲಿನ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಅದು ಸೇರುವುದು ಕುಗ್ಗುತ್ತದೆ. ಸಂಜೆಯ ಹಸಿವಿಗೆ ಹುರಿದ ಶೇಂಗಾ ಬೆಲ್ಲ, ಪುಟಾಣಿ, ಬಾಳೆಹಣ್ಣು, ಮೊಳಕೆಕಾಳು ಇರಲಿ. ಮಿರ್ಚಿ ಮಂಡಕ್ಕಿ ಸಂತೆಯ ದಿನದ ಸಂತೋಷವಾಗಿ ಉಳಿಯಲಿ.

ನಾಲ್ಕನೆಯದಾಗಿ, ದಿನಕ್ಕೆ ಒಂದು ಊಟವನ್ನಾದರೂ ಮನೆಮಂದಿಯೆಲ್ಲ ಮೊಬೈಲಿಲ್ಲದೆ ಒಟ್ಟಿಗೆ ಕುಳಿತು ಮಾಡಿರಿ. ನಾವು ಆಹಾರವನ್ನು ಪ್ರಸಾದವೆನ್ನುತ್ತೇವೆ. ಬೇಕಾದಷ್ಟನ್ನೇ ನೀಡಿಸಿಕೊಳ್ಳುವುದು, ನೀಡಿಸಿಕೊಂಡದ್ದನ್ನು ಬಿಡದಿರುವುದು, ಉಣ್ಣುವಾಗ ಮನಸ್ಸನ್ನು ತಟ್ಟೆಯಲ್ಲಿಡುವುದು ಪ್ರಸಾದದ ಶಿಸ್ತು. ಅರಿವಿನಿಂದ ಉಣ್ಣಬೇಕೆಂದು ಇಂದಿನ ಆಹಾರತಜ್ಞರು ಹೇಳುವುದೂ ಇದನ್ನೇ. ಆ ಪಂಕ್ತಿಯಲ್ಲಿ ಹೆಣ್ಣುಮಗಳಿಗೂ ಮೊದಲ ಸಾಲಿನಲ್ಲಿ ತಟ್ಟೆಯಿರಲಿ.

ಮಗುವಿನ ಮೈಕಟ್ಟನ್ನು ಕುರಿತು ಹಾಸ್ಯ ಮಾಡುವುದನ್ನು ಬಿಡಬೇಕು. ಡುಮ್ಮ, ಕಡ್ಡಿ ಎಂಬ ಮಾತುಗಳಿಂದ ಯಾವ ಮಗುವೂ ಆರೋಗ್ಯವಂತವಾಗಿಲ್ಲ; ನೊಂದ ಮಗು ಇನ್ನಷ್ಟು ಒಳಗೆ ಸೇರಿಕೊಳ್ಳುತ್ತದೆ. ತೂಕ ತೀರ ಹೆಚ್ಚು ಅಥವಾ ಕಡಿಮೆ ಎನಿಸಿದರೆ, ಹುಡುಗಿಗೆ ಮುಟ್ಟಿನ ತೊಂದರೆ ಅಥವಾ ಸದಾ ದಣಿವು ಇದ್ದರೆ ಸಂಕೋಚಪಡದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಕರೆದೊಯ್ಯಿರಿ.

ಊರು ಮತ್ತು ಮಠ ಮಾಡಬಹುದಾದುದು

ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಓದಿ ಬೆಳೆದ ಹಿರಿಯರು ನಮ್ಮ ನಡುವೆ ಅನೇಕರಿದ್ದಾರೆ. ಬೆಳಗಿನ ಜಾವದ ಗಂಟೆ, ಪ್ರಾರ್ಥನೆ, ಅಂಗಳ ಗುಡಿಸುವ ಸರದಿ, ಸಾಲಿನಲ್ಲಿ ಕುಳಿತು ಮಾಡುವ ಊಟ, ಸಂಜೆಯ ಆಟ, ರಾತ್ರಿಯ ಓದು ಅವರ ದಿನವನ್ನು ಕಟ್ಟಿದ್ದವು. ದೇಹಕ್ಕೂ ಮನಸ್ಸಿಗೂ ಹೊತ್ತನ್ನು ಕಲಿಸುವ ಆ ಪದ್ಧತಿಯ ಬೆಲೆ ಈಗ ಹೆಚ್ಚು ತಿಳಿಯುತ್ತಿದೆ.

ಊರಿನ ಹಿರಿಯರು ಒಂದು ಬಯಲನ್ನಾದರೂ ಮಕ್ಕಳ ಆಟಕ್ಕೆ ಉಳಿಸಲಿ. ಅಲ್ಲಿ ವಾರದ ಕೆಲವು ಸಂಜೆಗಳು ಹೆಣ್ಣುಮಕ್ಕಳಿಗೆ ಮೀಸಲಾಗಿರಲಿ, ಒಬ್ಬ ತಾಯಿಯೋ ಶಿಕ್ಷಕಿಯೋ ಜೊತೆಗಿರಲಿ. ಬೇಸಿಗೆ ರಜೆಯಲ್ಲಿ ಬಿಸಿಯೂಟವಿಲ್ಲದ ಬಡ ಮಕ್ಕಳಿಗೆ ಮಠದ, ಗುಡಿಯ ದಾಸೋಹದ ಬಾಗಿಲು ತೆರೆದಿದೆಯೆಂಬುದನ್ನು ಭಕ್ತರು ಅವರ ಮನೆಗೆ ತಿಳಿಸಲಿ. ಶಾಲಾಭಿವೃದ್ಧಿ ಸಮಿತಿಯಲ್ಲಿರುವವರು ದೈಹಿಕ ಶಿಕ್ಷಣದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡದಂತೆ ನೋಡಿಕೊಳ್ಳಲಿ, ನೀಲಿ ಮಾತ್ರೆ ವಾರವಾರ ಮಕ್ಕಳಿಗೆ ಸಿಗುತ್ತಿದೆಯೇ ಎಂದು ವಿಚಾರಿಸಲಿ.

ಮುಂದೆ ಇನ್ನೊಂದು ರೋಗವೋ ನೆರೆಯೋ ಶಾಲೆಯ ಬಾಗಿಲನ್ನು ಮತ್ತೆ ಮುಚ್ಚಿಸಬಹುದು. ಅಂಥ ದಿನ ಬಂದರೆ ಮೊಬೈಲ್ ಹಂಚುವ ಮಾತಿನ ಜೊತೆಗೇ ಮಕ್ಕಳ ಮಧ್ಯಾಹ್ನದ ಊಟ ಎಲ್ಲಿ, ಸಂಜೆಯ ಆಟ ಎಲ್ಲಿ ಎಂಬುದನ್ನೂ ಊರು ಮೊದಲ ವಾರದಲ್ಲಿಯೇ ಕುಳಿತು ತೀರ್ಮಾನಿಸಬೇಕು. ಸದ್ಯಕ್ಕೆ ಈ ವಾರದಿಂದಲೇ ಪ್ರತಿಯೊಂದು ಮನೆಯಲ್ಲೂ ಒಂದು ಹೊತ್ತಿನ ಊಟ ಮೊಬೈಲಿಲ್ಲದೆ ನಡೆಯಲಿ, ಒಂದು ಸಂಜೆಯ ಆಟ ತಪ್ಪದೆ ನಡೆಯಲಿ ಎಂದು ಸದ್ಭಕ್ತರಲ್ಲಿ ವಿನಂತಿ.